ಬಾಗಿಲಿನಲ್ಲಿ ನೂಕುನುಗ್ಗಲು

ನಿಮ್ಮ ಮನೆಯಲ್ಲಿ ರೇಡಿಯೋ ಇದೆ. ಅದರ ಪಕ್ಕದಲ್ಲಿ ಈಗ ಒಂದೆರಡು ಮೊಬೈಲ್ ಫೋನುಗಳೂ ಇರುತ್ತವೆ. ಎರಡೂ ಆಕಾಶದಲ್ಲಿ ಹಾಯುವ ಅಲೆಗಳನ್ನೇ ನಂಬಿ ಬಾಳುವ ಯಂತ್ರಗಳು. ಆದರೂ ಅವುಗಳ ಸ್ವಭಾವದಲ್ಲಿ ಒಂದು ದೊಡ್ಡ ವ್ಯತ್ಯಾಸವುಂಟು. ಸಂಜೆಯ ವಾರ್ತೆಯನ್ನು ಹತ್ತು ಮನೆಯವರು ಕೇಳಲಿ, ಹತ್ತು ಲಕ್ಷ ಮನೆಯವರು ಕೇಳಲಿ, ನಿಮ್ಮ ರೇಡಿಯೋದ ದನಿ ಒಂದಿಷ್ಟೂ ಕುಗ್ಗುವುದಿಲ್ಲ. ಮೊಬೈಲು ಹಾಗಲ್ಲ. ಊರಿಗೆ ಊರೇ ಒಂದೇ ಗಳಿಗೆಯಲ್ಲಿ ಫೋನನ್ನು ಕೈಗೆತ್ತಿಕೊಂಡಿತೆನ್ನಿ: ಸಿಗ್ನಲ್ಲಿನ ಗೆರೆಗಳು ಪರದೆಯ ಮೇಲೆ ಪೂರ್ತಿಯಾಗಿ ಕಾಣುತ್ತವೆ, ಕರೆ ಮಾತ್ರ ಹೋಗುವುದಿಲ್ಲ. ಹೀಗೇಕೆ? ಇದಕ್ಕೆ ಮದ್ದೇನು? ಈ ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. 2021ರ ಡಿಸೆಂಬರ್ 22ರಂದು ಬೆಳಗ್ಗೆ ಏಳು ಗಂಟೆಯ ಸುಮಾರಿಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಸಲ ಭೂಮಿ ಕಂಪಿಸಿತು. ಕಂಪನಗಳ ತೀವ್ರತೆ 2.9 ಮತ್ತು 3.0 ಎಂದು ದಾಖಲಾಯಿತು. ಲಘು ಕಂಪನಗಳೇ ಸರಿ. ಆದರೆ ಕಾಲ ಕೆಳಗಿನ ನೆಲ ಅಲುಗಿದಾಗ ತೀವ್ರತೆಯನ್ನು ಅಳೆಯುವ ವ್ಯವಧಾನ ಯಾರಿಗಿರುತ್ತದೆ? ಇದೇ ಜಿಲ್ಲೆಯ ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಭೂಕಂಪನ ಕೇಂದ್ರದಲ್ಲಿ ಅಳೆಯುವ ಕೆಲಸಕ್ಕೆ ಉಪಕರಣಗಳಿವೆ. ಮನೆಯವರು ಮಾಡುವುದು ಎರಡೇ ಕೆಲಸ. ಮೊದಲು ಹೊರಕ್ಕೆ ಓಡಿ ಬರುತ್ತಾರೆ. ಬಂದೊಡನೆ ಮಗಳಿಗೋ ತಮ್ಮನಿಗೋ ಫೋನು ಮಾಡುತ್ತಾರೆ. ಎಲ್ಲರೂ ಇದನ್ನೇ ಮಾಡುತ್ತಾರೆ, ಅದೂ ಅದೇ ಗಳಿಗೆಯಲ್ಲಿ ಮಾಡುತ್ತಾರೆ. ತೊಡಕು ಹುಟ್ಟುವುದು ಇಲ್ಲಿಯೇ.

ದೂರವಾಣಿಯ ಲೆಕ್ಕಾಚಾರಕ್ಕೆ ಅಡಿಪಾಯ ಹಾಕಿದವನು ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸದಲ್ಲಿದ್ದ ಈತ 1909ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಒಂದು ಊರಿಗೆ ಎಷ್ಟು ತಂತಿಗಳಿದ್ದರೆ ಸಾಕು, ಎಷ್ಟು ಕರೆಗಳು ಜಾಗವಿಲ್ಲದೆ ಹಿಂದಿರುಗಬಹುದು ಎಂಬುದನ್ನು ಸಂಭವನೀಯತೆಯ ಗಣಿತದಿಂದ ಎಣಿಸುವ ದಾರಿ ಅಲ್ಲಿಂದ ತೆರೆಯಿತು. ಆ ಲೆಕ್ಕದ ಬುಡದಲ್ಲಿ ಒಂದು ನಂಬಿಕೆಯಿದೆ: ಜನರು ಒಬ್ಬರನ್ನೊಬ್ಬರು ಕೇಳಿಕೊಂಡು ಫೋನು ಮಾಡುವುದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರಿ ತನ್ನ ಕೆಲಸಕ್ಕೆ ಮಾಡುತ್ತಾನೆ; ಚಿಂತಾಮಣಿಯ ಗೃಹಿಣಿ ತನ್ನ ತವರಿಗೆ ಮಾಡುತ್ತಾಳೆ; ಒಬ್ಬರ ಕರೆಗೂ ಇನ್ನೊಬ್ಬರ ಕರೆಗೂ ಸಂಬಂಧವಿಲ್ಲ. ಸಾಮಾನ್ಯ ದಿನಗಳಲ್ಲಿ ಇದು ನಿಜವೇ. ಆದರೆ ಭೂಮಿ ನಡುಗಿದಾಗ ಎಲ್ಲರ ಕರೆಗಳಿಗೂ ಒಂದೇ ಕಾರಣ. ಆಗ ಈ ನಂಬಿಕೆ ಕುಸಿಯುತ್ತದೆ, ಅದರ ಮೇಲೆ ಕಟ್ಟಿದ ಲೆಕ್ಕವೂ ಕುಸಿಯುತ್ತದೆ. ಹಠಾತ್ತಾಗಿ ನುಗ್ಗುವ ದಟ್ಟಣೆಗೆ ಬೇರೆಯೇ ಲೆಕ್ಕ ಬೇಕು.

ಈ ಹೊಸ ಲೆಕ್ಕಕ್ಕೆ ಕೈಹಾಕುವ ಮೊದಲು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಟವರಿನ ಮೂಲಕ ಮಾತನಾಡುವುದೆಂದರೆ ಒಂದು ಮನೆಯ ಒಳಗೆ ಕುಳಿತು ಮಾತನಾಡಿದಂತೆ. ಒಳಗೆ ಹೋದ ಮೇಲೆ ಚಿಂತೆಯಿಲ್ಲ. ಯಾವ ಕ್ಷಣದಲ್ಲಿ, ಯಾವ ತರಂಗಾಂತರದಲ್ಲಿ ನಿಮ್ಮ ಮಾತು ಹೋಗಬೇಕೆಂದು ಟವರೇ ಗೊತ್ತುಮಾಡಿ ಹೇಳುತ್ತದೆ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ. ಕಷ್ಟವಿರುವುದು ಒಳಗೆ ಹೋಗುವುದರಲ್ಲಿ. ಸುಮ್ಮನೆ ಮಲಗಿದ್ದ ಫೋನು ‘ನಾನಿದ್ದೇನೆ, ನನಗೆ ಜಾಗ ಬೇಕು’ ಎಂದು ಮೊದಲ ಸಲ ತಾನಾಗಿ ಕೂಗಿ ಹೇಳಬೇಕು. ಆಗ ಅದಕ್ಕೆ ಗೊತ್ತಾದ ಸರದಿ ಇಲ್ಲ. ಸರದಿ ಕೊಡಬೇಕಾದ ಟವರಿಗೆ ಅದು ಕಾದಿರುವ ಸಂಗತಿಯೇ ತಿಳಿಯದು. ಹೀಗೆ ಮುಂಚಿತವಾಗಿ ಹೇಳದೆ ಕೇಳದೆ ಬಾಗಿಲು ತಟ್ಟುವುದನ್ನು ತಂತ್ರಜ್ಞರು ಯಾದೃಚ್ಛಿಕ ಪ್ರವೇಶವೆಂದು ಕರೆಯುತ್ತಾರೆ. ದಟ್ಟಣೆ ಒಮ್ಮೆಗೇ ಬಂದಾಗ ಒಳಗೆ ಜಾಗವಿದ್ದರೂ ಬಾಗಿಲೇ ಕಟ್ಟಿಕೊಳ್ಳುವುದುಂಟು.

‘ಇನ್ನೊಬ್ಬರು ಕೂಗುತ್ತಿದ್ದರೆ ನಾವು ಸುಮ್ಮನಿದ್ದು, ಅವರು ಮುಗಿಸಿದ ಮೇಲೆ ಕೂಗಿದರಾಯಿತಲ್ಲ?’ ಎಂದು ನೀವು ಕೇಳಬಹುದು. ಸಭ್ಯರ ರೀತಿ ಅದೇ. ಆದರೆ ಫೋನುಗಳಿಗೆ ಆ ಅನುಕೂಲವಿಲ್ಲ. ಚಿಂತಾಮಣಿಯ ಹತ್ತಿರದ ಅಂಬಾಜಿದುರ್ಗದ ಬೆಟ್ಟವನ್ನೇ ತೆಗೆದುಕೊಳ್ಳಿ. ಅದರ ನೆತ್ತಿಯ ಮೇಲೆ ಒಂದು ಟವರು ಇದೆಯೆಂದು ಭಾವಿಸೋಣ. ಬೆಟ್ಟದ ಈಚೆ ಮಗ್ಗುಲಲ್ಲಿ ಒಬ್ಬರು, ಆಚೆ ಮಗ್ಗುಲಲ್ಲಿ ಇನ್ನೊಬ್ಬರು ಫೋನು ಹಿಡಿದಿದ್ದಾರೆ. ಇಬ್ಬರಿಗೂ ನೆತ್ತಿಯ ಟವರು ಕಾಣುತ್ತದೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ನಡುವೆ ಬಂಡೆಯ ಬೆಟ್ಟವೇ ನಿಂತಿದೆ. ಒಬ್ಬರ ಫೋನು ಕೂಗಿದ್ದು ಟವರಿಗೆ ಕೇಳಿಸುತ್ತದೆಯೇ ಹೊರತು ಇನ್ನೊಬ್ಬರ ಫೋನಿಗೆ ಕೇಳಿಸದು. ಬೆಟ್ಟವಿಲ್ಲದ ಬಯಲಿನಲ್ಲಿಯೂ ಬಹುಮಟ್ಟಿಗೆ ಇದೇ ಸ್ಥಿತಿ: ಎಷ್ಟೋ ಜಾಲಗಳಲ್ಲಿ ಫೋನು ಕೂಗುವ ತರಂಗಾಂತರ ಒಂದು, ಕಿವಿಗೊಡುವ ತರಂಗಾಂತರ ಇನ್ನೊಂದು. ಆದ್ದರಿಂದ ಪ್ರತಿಯೊಂದು ಫೋನೂ ನೆರೆಯವರ ಸುದ್ದಿಯೇ ತಿಳಿಯದೆ ಕೂಗಬೇಕಾಗುತ್ತದೆ.

ಇಂಥ ಕುರುಡು ಕೂಗಾಟವನ್ನು ಮೊದಲು ಕ್ರಮವಾಗಿ ಬಳಸಿಕೊಂಡದ್ದು ಶಾಂತ ಮಹಾಸಾಗರದ ಹವಾಯಿ ದ್ವೀಪಗಳಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಂಗಡಿಗರು ಬೇರೆ ಬೇರೆ ಕಡೆಯ ಯಂತ್ರಗಳನ್ನು ಒಂದು ಗಣಕಯಂತ್ರಕ್ಕೆ ರೇಡಿಯೋ ಅಲೆಗಳ ಮೂಲಕ ಜೋಡಿಸಿದರು. 1971ರಲ್ಲಿ ಕೆಲಸ ಆರಂಭಿಸಿದ ಆ ಜಾಲಕ್ಕೆ ‘ಅಲೋಹಾ’ ಎಂದು ಹೆಸರು. ಅದರ ನಿಯಮ ಬಹು ಸರಳ: ಹೇಳುವುದಿದ್ದರೆ ಹೇಳಿಬಿಡು; ಉತ್ತರ ಬರದಿದ್ದರೆ ಯಾರದೋ ಮಾತಿನೊಂದಿಗೆ ಡಿಕ್ಕಿಯಾಗಿದೆ ಎಂದು ತಿಳಿದು, ಎಷ್ಟು ಹೊತ್ತೆಂದು ಮನಬಂದಂತೆ ಆರಿಸಿಕೊಂಡು ಕಾದು, ಮತ್ತೆ ಹೇಳು. ಈ ಕ್ರಮದಲ್ಲಿ ಹೆಚ್ಚೆಂದರೆ ಶೇಕಡ 18ರಷ್ಟು ಕಾಲ ಮಾತ್ರ ಸಾರ್ಥಕವಾಗುತ್ತದೆಂದು ಗಣಿತ ಹೇಳುತ್ತದೆ. ಎಲ್ಲರೂ ತಾಳ ಹಾಕಿದಂತೆ ಗೊತ್ತಾದ ಗಳಿಗೆಗಳಲ್ಲಿಯೇ ಕೂಗುವುದೆಂದು ಕಟ್ಟುಮಾಡಿದರೆ ಅದು ಇಮ್ಮಡಿಯಾಗಿ ಶೇಕಡ 37ರ ಹತ್ತಿರಕ್ಕೆ ಬರುತ್ತದೆ. ಅದಕ್ಕಿಂತ ಮೇಲಕ್ಕೆ ಹೋಗದು. ನಮ್ಮ ಮೊಬೈಲುಗಳ ಬಾಗಿಲು ಈ ಎರಡನೆಯ ಬಗೆಯದು.

ಆ ಬಾಗಿಲಿನ ರಚನೆಯನ್ನು ನೋಡೋಣ. ನಾಲ್ಕನೆಯ ಪೀಳಿಗೆಯ, ಎಂದರೆ 4ಜಿ ಜಾಲದಲ್ಲಿ, ಪ್ರತಿ ಟವರಿನ ಒಂದೊಂದು ಸೆಲ್ಲಿಗೂ 64 ಬಗೆಯ ಸಂಜ್ಞೆಗಳಿರುತ್ತವೆ. ಇವನ್ನು ಅರವತ್ತನಾಲ್ಕು ರಾಗಗಳೆನ್ನಿ. ಏಕಕಾಲದಲ್ಲಿ ಹಾಡಿದರೂ ಟವರು ಅವನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಸಾಮಾನ್ಯವಾಗಿ ಲೆಕ್ಕ ಹಾಕುವಾಗ ಹತ್ತನ್ನು ವಿಶೇಷ ಕಾರ್ಯಗಳಿಗೆ ಮೀಸಲಿಟ್ಟು 54ನ್ನು ಸರ್ವರಿಗೂ ಬಿಡುತ್ತಾರೆ. ಪ್ರತಿ ಐದು ಮಿಲಿಸೆಕೆಂಡಿಗೆ ಒಮ್ಮೆ, ಎಂದರೆ ಸೆಕೆಂಡಿಗೆ 200 ಸಲ, ಬಾಗಿಲು ತೆರೆಯುತ್ತದೆ ಎಂದಿಟ್ಟುಕೊಳ್ಳಿ. ತೆರೆದಾಗ ಕಾದಿರುವ ಪ್ರತಿ ಫೋನೂ ಐವತ್ತನಾಲ್ಕರಲ್ಲಿ ಒಂದು ರಾಗವನ್ನು ಚೀಟಿ ಎತ್ತಿದಂತೆ ಆರಿಸಿ ಹಾಡುತ್ತದೆ. ಒಂದು ರಾಗವನ್ನು ಒಂದೇ ಫೋನು ಹಾಡಿದರೆ ಅದಕ್ಕೆ ಪ್ರವೇಶ ದೊರೆಯುತ್ತದೆ. ಎರಡು ಫೋನುಗಳು ಅದೇ ರಾಗವನ್ನು ಹಾಡಿದರೆ ಡಿಕ್ಕಿ. ಎರಡೂ ಹಿಂದಿರುಗಿ, ಸ್ವಲ್ಪ ಕಾದು, ಮತ್ತೆ ಚೀಟಿ ಎತ್ತಬೇಕು. 5ಜಿ ಜಾಲದಲ್ಲಿಯೂ ಒಟ್ಟಾರೆ ಇದೇ ಕ್ರಮ ನಡೆದುಬಂದಿದೆ.

ಈಗ ಲೆಕ್ಕ. ಒಂದು ಸುತ್ತಿನಲ್ಲಿ ಹತ್ತು ಫೋನುಗಳು ಕೂಗಿದರೆ ಸರಾಸರಿ ಎಂಟು ಒಳಗೆ ಹೋಗುತ್ತವೆ. ಇಪ್ಪತ್ತು ಕೂಗಿದರೆ 14. ಸರಿಯಾಗಿ 54 ಕೂಗಿದರೆ 20. ಇದೇ ಬಾಗಿಲಿನ ಪರಮಾವಧಿ. ಇಲ್ಲಿಂದ ಮುಂದೆ ನಡೆಯುವುದು ವಿಚಿತ್ರ. ನೂರು ಫೋನುಗಳು ಕೂಗಿದರೆ ಒಳಗೆ ಹೋಗುವುದು ಸುಮಾರು 16. ಇನ್ನೂರು ಕೂಗಿದರೆ ಐದು. ಮುನ್ನೂರು ಕೂಗಿದರೆ ಒಂದೇ ಒಂದು! ಬಸ್ ನಿಲ್ದಾಣದಲ್ಲಿ ನೀವು ಇದನ್ನು ನೋಡಿರುತ್ತೀರಿ. ಹತ್ತು ಜನರಿದ್ದರೆ ಒಂದು ನಿಮಿಷದಲ್ಲಿ ಹತ್ತಿ ಕುಳಿತುಕೊಳ್ಳುತ್ತಾರೆ. ನೂರು ಜನರು ಒಟ್ಟಿಗೆ ನುಗ್ಗಿದರೆ ಬಾಗಿಲಲ್ಲಿ ಸಿಕ್ಕಿಕೊಂಡು ಹತ್ತು ಜನರೂ ಹತ್ತುವುದಿಲ್ಲ. ಬಸ್ಸಿನಲ್ಲಿ ಸೀಟುಗಳು ಖಾಲಿಯೇ ಇರುತ್ತವೆ.

ಇನ್ನು ಸೋತವರು ಏನು ಮಾಡುತ್ತಾರೆ ಎಂಬುದನ್ನು ಸೇರಿಸಿದರೆ ಪೂರ್ಣ ಚಿತ್ರ ದೊರೆಯುತ್ತದೆ. ಪ್ರತಿ ಸುತ್ತಿಗೂ 31 ಹೊಸ ಫೋನುಗಳು ಬರುತ್ತಿವೆ, ಸೋತವರೆಲ್ಲರೂ ಮುಂದಿನ ಸುತ್ತಿಗೇ ಮರಳಿ ಬರುತ್ತಾರೆ ಎಂದಿಟ್ಟುಕೊಂಡು, ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿ. ಮೊದಲ ಸುತ್ತಿನಲ್ಲಿ 31ರಲ್ಲಿ 18 ಗೆಲ್ಲುತ್ತವೆ, 13 ಉಳಿಯುತ್ತವೆ. ಎರಡನೆಯ ಸುತ್ತಿನಲ್ಲಿ 44ರಲ್ಲಿ 20 ಗೆಲ್ಲುತ್ತವೆ, 24 ಉಳಿಯುತ್ತವೆ. ಮೂರನೆಯದರಲ್ಲಿ 55ರಲ್ಲಿ 20. ಆರನೆಯದಕ್ಕೆ ಬರುವ ವೇಳೆಗೆ 89 ಫೋನುಗಳು ಕೂಗುತ್ತಿರುತ್ತವೆ, ಗೆಲ್ಲುವುದು 17. ಹತ್ತನೆಯ ಸುತ್ತಿನಲ್ಲಿ 157 ಕೂಗುತ್ತವೆ. ಗೆಲ್ಲುವುದು ಎಂಟೋ ಒಂಬತ್ತೋ. ಈ ಹತ್ತು ಸುತ್ತುಗಳಿಗೆ ಹಿಡಿದ ಕಾಲ ಒಂದು ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ! ಕಣ್ಣು ರೆಪ್ಪೆ ಬಡಿಯುವುದರೊಳಗೆ ಬಾಗಿಲು ಮುಚ್ಚಿಹೋಯಿತು. ಹೊಸದಾಗಿ ಬಂದವರ ಸಂಖ್ಯೆ ಸುತ್ತಿನಿಂದ ಸುತ್ತಿಗೆ ಹೆಚ್ಚಲೇ ಇಲ್ಲ ಎಂಬುದನ್ನು ಗಮನಿಸಬೇಕು. ಮುಚ್ಚಿದ್ದು ಹಳಬರ ಹಟ.

ಈ ಉದಾಹರಣೆಯಲ್ಲಿ 31 ಎಂಬ ಸಂಖ್ಯೆಯನ್ನು ಸುಮ್ಮನೆ ಆರಿಸಿದ್ದಲ್ಲ. ಮೊಬೈಲ್ ಜಾಲಗಳ ಅಂತರರಾಷ್ಟ್ರೀಯ ನಿಯಮಗಳನ್ನು ರೂಪಿಸುವ ‘ತ್ರೀಜಿಪಿಪಿ’ ಎಂಬ ಒಕ್ಕೂಟ 2011ರಲ್ಲಿ ಹೊರತಂದ ವರದಿಯೊಂದರಲ್ಲಿ ಎರಡು ಪರೀಕ್ಷೆಗಳಿವೆ. ಒಂದರಲ್ಲಿ ಒಂದು ಸೆಲ್ಲಿನೊಳಗೆ 30,000 ಯಂತ್ರಗಳು 60 ಸೆಕೆಂಡುಗಳ ಅವಧಿಯಲ್ಲಿ ಸಮನಾಗಿ ಹರಡಿಕೊಂಡು ಬಾಗಿಲು ತಟ್ಟುತ್ತವೆ. ಇನ್ನೊಂದರಲ್ಲಿ ಅಷ್ಟೇ ಯಂತ್ರಗಳು ಹತ್ತೇ ಸೆಕೆಂಡುಗಳಲ್ಲಿ ಬರುತ್ತವೆ. ಅದೂ ಸಮನಾಗಿಯಲ್ಲ, ಅಲೆಯಂತೆ. ಮೊದಲು ಮೆಲ್ಲಗೆ, ನಾಲ್ಕನೆಯ ಸೆಕೆಂಡಿನ ಹೊತ್ತಿಗೆ ತುತ್ತತುದಿಗೆ, ಆಮೇಲೆ ಇಳಿತ. ಆ ತುದಿಯಲ್ಲಿ ಸುತ್ತಿಗೆ 31 ಹೊಸಬರು ಬೀಳುತ್ತಾರೆ. ಪ್ರತಿ ಯಂತ್ರಕ್ಕೂ ಹತ್ತು ಯತ್ನಗಳಿಗೆ ಅವಕಾಶ. ಸೋತ ಬಳಿಕ ಕಾಯಬೇಕಾದದ್ದು ಹೆಚ್ಚೆಂದರೆ 20 ಮಿಲಿಸೆಕೆಂಡು. ಟವರು ಒಂದು ಹೊತ್ತಿಗೆ ಇಷ್ಟೇ ಮಂದಿಗೆ ಮರುನುಡಿಯಬಲ್ಲದು ಎಂಬ ಮಿತಿ ಬೇರೆ. ಫಲವೇನು? ನಿಮಿಷಪೂರ್ತಿ ಹರಡಿಕೊಂಡು ಬಂದಾಗ ಎಲ್ಲ ಯಂತ್ರಗಳಿಗೂ ಪ್ರವೇಶ ಸಿಕ್ಕಿತು. ಹತ್ತು ಸೆಕೆಂಡುಗಳಲ್ಲಿ ನುಗ್ಗಿದಾಗ ಪ್ರವೇಶ ಸಿಕ್ಕಿದ್ದು ನೂರಕ್ಕೆ ಮೂವತ್ತಕ್ಕಿಂತಲೂ ಕಡಿಮೆ ಯಂತ್ರಗಳಿಗೆ. ಅದೇ ಬಾಗಿಲು, ಅಷ್ಟೇ ಜನ; ವ್ಯತ್ಯಾಸವಿದ್ದದ್ದು ಅವಸರದಲ್ಲಿ ಮಾತ್ರ.

ಲೆಕ್ಕದ ಮಾದರಿ ಎಂದರೆ ಇದೇ: ಕಾಲವನ್ನು ಸಣ್ಣ ಸಣ್ಣ ಸುತ್ತುಗಳಾಗಿ ಕತ್ತರಿಸುವುದು, ಪ್ರತಿ ಸುತ್ತಿಗೂ ಹೊಸಬರೆಷ್ಟು, ಮರಳಿ ಬಂದವರೆಷ್ಟು ಎಂದು ಕೂಡಿಸುವುದು, ಗೆದ್ದವರನ್ನು ಕಳೆದು, ಉಳಿದವರನ್ನು ಅವರು ಕಾಯುವ ಅವಧಿಗೆ ತಕ್ಕಂತೆ ಮುಂದಿನ ಸುತ್ತುಗಳಿಗೆ ಹಂಚುವುದು. ಒಂದೊಂದು ಫೋನಿನ ಹಣೆಬರಹವನ್ನು ಯಾರೂ ಹೇಳಲಾರರು. ಸಾವಿರಾರು ಫೋನುಗಳ ಒಟ್ಟು ನಡೆಯನ್ನು ಹೀಗೆ ಸಾಕಷ್ಟು ಖಚಿತವಾಗಿ ಹೇಳಬಹುದು. ನಿಜವಾದ ಆಪತ್ತು ಬರುವ ಮೊದಲೇ ಮದ್ದನ್ನು ಕಾಗದದ ಮೇಲೆ ಪರೀಕ್ಷಿಸಿ ನೋಡಲು ಸಾಧ್ಯವಾಗುವುದು ಇದರಿಂದಲೇ.

ಮದ್ದುಗಳಲ್ಲಿ ಮೊದಲನೆಯದು, ಸೋತವರನ್ನು ಹೆಚ್ಚು ಹೊತ್ತು ಕಾಯಿಸುವುದು. 4ಜಿ ನಿಯಮಗಳ ಪ್ರಕಾರ ಟವರು ಈ ಗಡುವನ್ನು 960 ಮಿಲಿಸೆಕೆಂಡಿನವರೆಗೆ ಹಿಗ್ಗಿಸಬಹುದು. ಎಲ್ಲರೂ ಅಷ್ಟೂ ಹೊತ್ತು ಕಾದರೆ ಮತ್ತೆ ಒಟ್ಟಿಗೇ ಬಂದು ಬೀಳುತ್ತಾರೆ. ಆದ್ದರಿಂದ ಆ ಗಡುವಿನೊಳಗೆ ಯಾವುದೋ ಒಂದು ಕ್ಷಣವನ್ನು ಪ್ರತಿ ಫೋನೂ ತಾನೇ ಚೀಟಿ ಎತ್ತಿ ಆರಿಸಿಕೊಳ್ಳುತ್ತದೆ.

ಎರಡನೆಯದು, ಬಾಗಿಲಿಗೆ ಬರುವ ಮೊದಲೇ ತಡೆಯುವುದು. ‘ಹತ್ತರಲ್ಲಿ ಒಬ್ಬರು ಬನ್ನಿ’ ಎಂದು ಟವರು ಸಾರುತ್ತದೆ. ಪ್ರತಿ ಫೋನೂ ತನ್ನೊಳಗೇ ದಾಳ ಹಾಕಿ ನೋಡಿಕೊಳ್ಳುತ್ತದೆ; ಗೆದ್ದರೆ ಕೂಗುತ್ತದೆ, ಸೋತರೆ ತೆಪ್ಪಗಿದ್ದು ಮತ್ತೆ ದಾಳ ಹಾಕುತ್ತದೆ. ಎಷ್ಟರಲ್ಲಿ ಒಬ್ಬರು ಬರಬೇಕು? ಮೇಲಿನ ಲೆಕ್ಕವೇ ಉತ್ತರ ಕೊಡುತ್ತದೆ: ಒಂದು ಸುತ್ತಿಗೆ ಸುಮಾರು 54 ಮಂದಿ ಕೂಗುವಂತಿರಬೇಕು. ಹೊರಗೆ 540 ಮಂದಿ ಇದ್ದರೆ ಹತ್ತರಲ್ಲಿ ಒಬ್ಬರು. 5,400 ಮಂದಿ ಇದ್ದರೆ ನೂರರಲ್ಲಿ ಒಬ್ಬರು. ಹೀಗೆ ಮಾಡಿದರೆ ಜನ ಎಷ್ಟೇ ಇರಲಿ, ಪ್ರತಿ ಸುತ್ತಿಗೂ 20ರಂತೆ ಒಳಗೆ ಹೋಗುತ್ತಲೇ ಇರುತ್ತಾರೆ. ಕಾಯುವುದು ತಪ್ಪದು, ಬಾಗಿಲು ಮಾತ್ರ ಮುಚ್ಚದು.

ಆದರೆ ಹೊರಗೆ ಎಷ್ಟು ಮಂದಿ ಇದ್ದಾರೆಂದು ಟವರಿಗೆ ಹೇಗೆ ತಿಳಿಯಬೇಕು? ಅವರು ಇನ್ನೂ ಒಳಗೆ ಬಂದೇ ಇಲ್ಲವಲ್ಲ! ಇಲ್ಲಿಯೂ ಗಣಿತ ಕೈಹಿಡಿಯುತ್ತದೆ. ಗೆದ್ದವರನ್ನು ಎಣಿಸಿದರೆ ಸಾಲದು. ಕೂಗುವವರು 44 ಇದ್ದರೂ 66 ಇದ್ದರೂ ಗೆಲ್ಲುವವರು 20ರ ಆಸುಪಾಸಿನಲ್ಲಿಯೇ ಇರುತ್ತಾರೆ. ಅದಕ್ಕೆ ಬದಲಾಗಿ ಯಾರೂ ಹಾಡದೆ ಬಿಟ್ಟ ರಾಗಗಳನ್ನು ಎಣಿಸಬೇಕು. ಬಾಗಿಲು ಹದವಾಗಿ ನಡೆಯುತ್ತಿರುವಾಗ ಐವತ್ತನಾಲ್ಕರಲ್ಲಿ ಸುಮಾರು 20 ರಾಗಗಳು ಖಾಲಿ ಉಳಿಯುತ್ತವೆ, 20 ಗೆಲ್ಲುತ್ತವೆ, 14ರಲ್ಲಿ ಡಿಕ್ಕಿಯಾಗುತ್ತದೆ. ಖಾಲಿ ರಾಗಗಳು ಇಪ್ಪತ್ತಕ್ಕಿಂತ ಕೆಳಗಿಳಿದರೆ ಜನ ಹೆಚ್ಚಾಗಿದ್ದಾರೆ ಎಂದು ಅರ್ಥ. ಇನ್ನೂರು ಮಂದಿ ಕೂಗುತ್ತಿರುವಾಗ ಖಾಲಿ ಉಳಿಯುವುದು ಸರಾಸರಿ ಒಂದಕ್ಕೆ ಸ್ವಲ್ಪ ಮೇಲೆ. ಗದ್ದಲ ಎಷ್ಟಿದೆಯೆಂದು ತಿಳಿಯಬೇಕಾದರೆ ಮೌನ ಎಷ್ಟು ಉಳಿದಿದೆಯೆಂದು ನೋಡಬೇಕು!

ಮೂರನೆಯದು, ಆಪತ್ತಿನಲ್ಲಿರುವವರಿಗೆ ಮುಂದೆ ದಾರಿ ಬಿಡುವುದು. ನಿಮ್ಮ ಫೋನಿನ ಸಿಮ್ ಕಾರ್ಡಿನಲ್ಲಿ 0ಯಿಂದ 9ರವರೆಗಿನ ಒಂದು ವರ್ಗದ ಸಂಖ್ಯೆ ಇರುತ್ತದೆ. ಅದಕ್ಕೂ ಅಂತಸ್ತಿಗೂ ಸಂಬಂಧವಿಲ್ಲ. ಜನರನ್ನು ಹತ್ತು ಪಾಲಾಗಿ ಹಂಚುವುದಕ್ಕಾಗಿ ಇಟ್ಟಿರುವುದು. ಹತ್ತನೆಯ ವರ್ಗ ತುರ್ತು ಕರೆಗೆ ಮೀಸಲು. 11ರಿಂದ 15ರವರೆಗಿನವು ರಕ್ಷಣೆ, ತುರ್ತು ಸೇವೆ, ಸಾರ್ವಜನಿಕ ಸೌಕರ್ಯ ಮುಂತಾದ ಕೆಲಸದವರಿಗೆ. ದಟ್ಟಣೆಯ ಕಾಲದಲ್ಲಿ ಸಾಮಾನ್ಯ ವರ್ಗಗಳನ್ನು ತಡೆದು ತುರ್ತು ಕರೆಗಳನ್ನು ಬಿಡುವ ಏರ್ಪಾಡು ನಿಯಮಗಳಲ್ಲಿಯೇ ಇದೆ.

ಬಾಗಿಲನ್ನೇ ಮುಟ್ಟದ ಇನ್ನೊಂದು ಉಪಾಯ ರೇಡಿಯೋ ಕೇಳುವವರಿಗೆ ತುಂಬ ಹತ್ತಿರದ್ದು. 2023ರ ಅಕ್ಟೋಬರ್ 12ರಂದು ಕರ್ನಾಟಕದ ಅನೇಕರ ಫೋನುಗಳು ಒಮ್ಮೆಲೇ ಗಟ್ಟಿಯಾಗಿ ಸದ್ದುಮಾಡಿ, ಪರದೆಯ ಮೇಲೆ ಒಂದು ಸೂಚನೆಯನ್ನು ತೋರಿಸಿದ್ದು ನಿಮಗೆ ನೆನಪಿರಬಹುದು. ಕೇಂದ್ರ ದೂರಸಂಪರ್ಕ ಇಲಾಖೆ ಅಂದು ನಡೆಸಿದ್ದು ಸೆಲ್ ಬ್ರಾಡ್‌ಕಾಸ್ಟ್ ಎಂಬ ವ್ಯವಸ್ಥೆಯ ಪರೀಕ್ಷೆ. ಅದರಲ್ಲಿ ಟವರು ಒಂದೇ ಸಲ ಹೇಳುತ್ತದೆ, ಸುತ್ತಲಿನ ಎಲ್ಲ ಫೋನುಗಳೂ ಕೇಳಿಸಿಕೊಳ್ಳುತ್ತವೆ. ಯಾವ ಫೋನೂ ಮರಳಿ ಕೂಗಬೇಕಾಗಿಲ್ಲ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ತೆರೆದಾಗ ನಡೆದದ್ದೂ ಇದೇ: ಹೇಳುವವನೊಬ್ಬ, ಕೇಳುವವರು ಎಷ್ಟಾದರೂ ಸರಿ. ಆಪತ್ತಿನ ಸುದ್ದಿಯನ್ನು ಎಲ್ಲರಿಗೂ ಮುಟ್ಟಿಸಲು ಇದಕ್ಕಿಂತ ಸಮರ್ಥವಾದ ದಾರಿ ಸಿಗುವುದು ಕಷ್ಟ. ಆದರೆ ‘ನೀನು ಕ್ಷೇಮವೇ?’ ಎಂದು ಮಗಳನ್ನು ಕೇಳಲು ಇದರಿಂದಾಗದು. ಅದಕ್ಕೆ ಬಾಗಿಲಿನ ಮೂಲಕವೇ ಹೋಗಬೇಕು.

ಆದ್ದರಿಂದ ಮನೆಮಂದಿ ತಿಳಿದಿರಬೇಕಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಭೂಮಿ ನಡುಗಿದಾಗಲೋ, ಜಾತ್ರೆಯ ಜನಸಂದಣಿಯಲ್ಲಿ ಅವಘಡವಾದಾಗಲೋ, ಹೊತ್ತುಗಟ್ಟಲೆ ಕೆಟ್ಟಿದ್ದ ಟವರು ಆಗತಾನೆ ಮತ್ತೆ ಕೆಲಸ ಆರಂಭಿಸಿದಾಗಲೋ ಕರೆ ಹೋಗದಿದ್ದರೆ ಗುಂಡಿಯನ್ನು ಬಿಟ್ಟೂ ಬಿಡದೆ ಒತ್ತಬೇಡಿ. ನೀವು ಒಂದು ಸಲ ಒತ್ತಿದರೆ ನಿಮ್ಮ ಫೋನು ತಾನಾಗಿಯೇ ಹಲವು ಸಲ ಕೂಗಿ ನೋಡಿರುತ್ತದೆ. ಒಂದೆರಡು ನಿಮಿಷ ಬಿಡಿ. ಅಲೆಯ ತುದಿ ಬಹುಶಃ ಅಷ್ಟರಲ್ಲಿ ಇಳಿದಿರುತ್ತದೆ. ಕರೆಯ ಬದಲು ‘ಎಲ್ಲರೂ ಕ್ಷೇಮ’ ಎಂದು ಒಂದು ಎಸ್‌ಎಂಎಸ್ ಕಳಿಸಿ; ಅದು ಒಮ್ಮೆ ಜಾಲದೊಳಗೆ ಹೋದರೆ ಅತ್ತ ಕಡೆಯವರ ಫೋನು ಸಿಗುವವರೆಗೆ ಅಲ್ಲಿಯೇ ಕಾದಿದ್ದು ತಲಪುತ್ತದೆ. ಮನೆಯ ಐದು ಜನರೂ ಒಬ್ಬರಿಗೇ ಫೋನು ಮಾಡುವುದಕ್ಕಿಂತ ಒಬ್ಬರು ಮಾಡಿ ಉಳಿದವರಿಗೆ ತಿಳಿಸುವುದು ಲೇಸು. ನಿಜವಾದ ಗಂಡಾಂತರವಿದ್ದರೆ 112ಕ್ಕೆ ಕರೆ ಮಾಡಲು ಹಿಂದೆಮುಂದೆ ನೋಡಬೇಡಿ. ಆ ಕರೆಗೆ ದಾರಿ ಬೇರೆ ಇಟ್ಟಿದೆ.

ನೀವು ಬಿಟ್ಟುಕೊಟ್ಟ ಒಂದು ಸುತ್ತಿನಲ್ಲಿ ಬೆಟ್ಟದ ಆಚೆ ಮಗ್ಗುಲಿನ ಯಾರೋ ಒಬ್ಬರ ಕರೆ ಒಳಗೆ ಹೋಗಬಹುದು. ಅವರು ನಿಮಗೆ ಕಾಣುವುದಿಲ್ಲ, ಅವರ ಕೂಗು ನಿಮ್ಮ ಫೋನಿಗೆ ಕೇಳಿಸುವುದೂ ಇಲ್ಲ. ಆದರೂ ಬಾಗಿಲು ಇಬ್ಬರಿಗೂ ಒಂದೇ. ಈ ನಡುವೆ ಸುದ್ದಿ ಬೇಕಾದರೆ ರೇಡಿಯೋ ಹಾಕಿಕೊಳ್ಳಿ. ಅದಕ್ಕೆ ಹೊಸ ಸೆಲ್ಲುಗಳು ಇವೆಯೇ ಎಂದು ಇವತ್ತೇ ಒಮ್ಮೆ ನೋಡಿಡುವುದು ಒಳ್ಳೆಯದು.